ಕನ್‌ಫ್ಯೂಷಿಯಸ್‌ಗೂ ಹೊಳೆದಂಡೆ ಬೇಕಿತ್ತು

ಚೀನಾದ ಹಳೆಯ ಚಿಂತಕ ಕನ್‌ಫ್ಯೂಷಿಯಸ್ ಮತ್ತು ಸಹಜವಾಗಿ ಬದುಕು ಎನ್ನುವ ತಾವೋ ಪಂಥದ ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ ‘ಶಿಸ್ತಿಗೆ ಕನ್‌ಫ್ಯೂಷಿಯಸ್, ಆರಾಮಕ್ಕೆ ತಾವೋ’ ಎಂದು ಗೆರೆ ಎಳೆದಿದ್ದೀರಲ್ಲ, ಅದನ್ನು ಒಪ್ಪಲು ನನಗೆ ಆಗುತ್ತಿಲ್ಲ.

ಒಮ್ಮೆ ಕನ್‌ಫ್ಯೂಷಿಯಸ್ ನಾಲ್ವರು ಶಿಷ್ಯರನ್ನು ಕೂರಿಸಿಕೊಂಡು, ನಿಮ್ಮನ್ನು ಗುರುತಿಸುವವರು ಸಿಕ್ಕರೆ ಏನು ಮಾಡುತ್ತೀರಿ ಎಂದು ಕೇಳುತ್ತಾನೆ. ಮೂವರದ್ದೂ ರಾಜ್ಯದ ಕೆಲಸದ ಮಾತೇ. ನಾಲ್ಕನೆಯವನು ತಂತಿವಾದ್ಯ ನುಡಿಸುತ್ತಾ ಕೂತಿದ್ದ. ಅದನ್ನು ಪಕ್ಕಕ್ಕಿಟ್ಟು ಎದ್ದು ಹೇಳುತ್ತಾನೆ: ವಸಂತದ ಕೊನೆಗೆ ಗೆಳೆಯರು, ಹುಡುಗರ ಜೊತೆ ಯೀ ಎಂಬ ಹೊಳೆಯಲ್ಲಿ ಮಿಂದು, ಗಾಳಿಗೆ ಮೈಯೊಡ್ಡಿ, ಹಾಡಿಕೊಂಡು ಮನೆಗೆ ಬರುವುದು, ಅಷ್ಟೇ. ಗುರು ನಿಟ್ಟುಸಿರು ಬಿಟ್ಟು ‘ನಾನೂ ನಿನ್ನ ಕಡೆ’ ಎನ್ನುತ್ತಾನೆ. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ತಾವೋ ಚಿಂತಕ ಝ್ವಾಂಗ್‌ಝಿ ಬೇರೆ ಥರ, ನಿಜ. ಚೂ ರಾಜ್ಯದ ರಾಜನ ಅಧಿಕಾರಿಗಳು ಪದವಿ ಕೊಡಲು ಬಂದರೆ ಗಾಳ ಹಿಡಿದವನು ತಿರುಗಿಯೂ ನೋಡಲಿಲ್ಲ. ಗುಡಿಯಲ್ಲಿ ಪೂಜೆ ಪಡೆಯುವ ಸತ್ತ ಆಮೆಗಿಂತ ಕೆಸರಲ್ಲಿ ಬಾಲ ಎಳೆಯುವ ಆಮೆಯೇ ವಾಸಿ ಎಂದ.

2021ರಲ್ಲಿ ಚೀನಾದ ಯುವಕರು ‘ಥಾಂಗ್ ಪಿಂಗ್’, ಅಂದರೆ ಸುಮ್ನೆ ಮಲಗಿಬಿಡೋಣ, ಎಂದಿದ್ದನ್ನು ನೀವು ತಾವೋ ಎಂದಿದ್ದೀರಿ. ಬೆಳಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ ದುಡಿದು ಸೋತವರು ಅವರು. ಅದು ದಣಿವು ಅಲ್ವಾ? ಚೀನಾದ ಹಳೆಯ ಕವಿ ಥಾವ್ ಯುವಾನ್‌ಮಿಂಗ್ ಕ್ರಿ.ಶ. 405ರಲ್ಲಿ ಸರ್ಕಾರಿ ಹುದ್ದೆ ಬಿಟ್ಟು ಊರಿಗೆ ಹೋದವನು, ಆದರೆ ಮಲಗಲಿಲ್ಲ. ಕಾಳಿನ ಗಿಡಕ್ಕಿಂತ ಕಳೆಯೇ ಜಾಸ್ತಿ ಬೆಳೆದಿದ್ದ ಹೊಲದಲ್ಲಿ ಬೆಳಗಿನಿಂದ ಕಳೆ ಕಿತ್ತು, ಬೆಳದಿಂಗಳಲ್ಲಿ ಗುದ್ದಲಿ ಹೊತ್ತು ಬರುತ್ತಿದ್ದ, ಬಟ್ಟೆಯೆಲ್ಲ ಇಬ್ಬನಿಯಲ್ಲಿ ನೆನೆದು.