ಬಿದ್ದು ಎದ್ದವರನ್ನೇ ಜೊತೆಗಾರರನ್ನಾಗಿ ನೇಮಿಸಬೇಕೇ?

ಧಾರವಾಡದ ಸಪ್ತಾಪುರದ ಸುತ್ತ ರೂಮು, ಪಿಜಿ ಹಿಡಿದು ಸರ್ಕಾರಿ ನೌಕರಿಗೆ ಓದುವವರು ಲೆಕ್ಕವಿಲ್ಲದಷ್ಟು. ಅವರಲ್ಲಿ ಮನಸ್ಸು ಕುಸಿದವರಿಗೆ ಆಸರೆಯಾಗಲು, ಅದೇ ಪಾಡು ಪಟ್ಟು ಸುಧಾರಿಸಿಕೊಂಡ ಅವರದೇ ವಯಸ್ಸಿನವರಿಗೆ ತರಬೇತಿ, ಸಂಬಳ ಕೊಟ್ಟು ನೇಮಿಸಬೇಕು ಅನ್ನೋದು ಒಂದು ವಾದ. ಇಬ್ಬರು ಎರಡು ಕಡೆ ನಿಂತು ಬರೆದಿದ್ದಾರೆ.

ಪರ: 'ನಂದೂ ಹಿಂಗ ಆಗಿತ್ತು'

2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನೆನಪಿದೆ ಅಲ್ವಾ? ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಆ ನಡುವಿನ ತಿಂಗಳುಗಳಲ್ಲಿ ಓದುವವನ ತಲೆಯೊಳಗೆ ಏನೇನು ನಡೆಯುತ್ತದೆ ಅನ್ನೋದು ಅನುಭವಿಸಿದವನಿಗೇ ಗೊತ್ತು.

ನಾನು ಆಗ ರೂಮಿನಿಂದ ಹೊರಗೆ ಬರೋದನ್ನೇ ಬಿಟ್ಟಿದ್ದೆ. ಊರಲ್ಲಿ ಅಪ್ಪ ಹೆಸರುಕಾಳು ಮಾರಿ ದುಡ್ಡು ಕಳಿಸುತ್ತಿದ್ದರು. ಫೋನ್ ಬಂದರೆ 'ಓದಾಕತ್ತೀನಿ' ಅನ್ನುತ್ತಿದ್ದೆ. ಒಂದು ದಿನ ಪಕ್ಕದ ರೂಮಿನವನು ಬಾಗಿಲು ಬಡಿದ. 'ಯಾಕಲೇ, ನಾಕು ದಿನಾ ಆತು, ಲೈಬ್ರರಿ ಕಡೆ ಮಾರಿನೂ ತೋರಿಸಿಲ್ಲ?' ನಾನು ಮಾತಾಡಲಿಲ್ಲ. ಬಕೀಟಿನಲ್ಲಿ ನೆನೆಹಾಕಿದ ಬಟ್ಟೆ ನಾರುತ್ತಿತ್ತು. ಅವನು ಅದನ್ನು ಎರಡು ಸಲ ಜಾಲಾಡಿಸಿ, ಹಿಂಡಿ, ತಂತಿಗೆ ಹಾಕಿದ. ಆಮೇಲೆ ತನ್ನ ಗುಳಿಗೆಯ ಸ್ಟ್ರಿಪ್ ತೋರಿಸಿ, 'ನಂದೂ ಹಿಂಗ ಆಗಿತ್ತು' ಅಂದ. ಅಷ್ಟೇ.

ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೇ ಊರಲ್ಲಿದೆ. ಆದರೆ 1845ರಲ್ಲಿ ಶುರುವಾದ ಆ ಜಾಗವನ್ನು ಜನ ಇನ್ನೂ ಹುಚ್ಚರ ಆಸ್ಪತ್ರೆ ಅಂತಲೇ ಕರೆಯುತ್ತಾರೆ. ನಮ್ಮ ಕಡೆ ಯಾರಾದರೂ ತಲೆ ತಿಂದರೆ 'ಧಾರವಾಡಕ್ಕ ಕಳಸೂನೇನು' ಅಂತ ಚ್ಯಾಷ್ಟಿ ಮಾಡುತ್ತಾರೆ. ಧಾರವಾಡದಲ್ಲೇ ಇರುವವನನ್ನು ಎಲ್ಲಿಗೆ ಕಳಿಸುತ್ತಾರೋ! ಆ ಗೇಟು ದಾಟೋಕೆ ನನಗೆ ಅವನು ಬೇಕಾಯಿತು. ಚೀಟಿ ಮಾಡಿಸುವ ಸಾಲಿನಲ್ಲಿ ಅವನು ನನ್ನ ಮುಂದೆ ನಿಂತ. ಪರಿಚಯದವರು ಯಾರಾದರೂ ಕಂಡರೆ, ತನ್ನ ಸಲುವಾಗಿ ಬಂದಿದ್ದು ಅಂತ ಹೇಳೋಕೆ.

ಯುವಜನರಿಗೆ ಯುವಜನರೇ ನೆರವಾಗೋದು ಹೊಸದೇನಲ್ಲ. ಯುವಜನರಿಗೆ ಮಾರ್ಗದರ್ಶನ ಕೊಡುವ ರಾಜ್ಯದ ಯುವ ಸ್ಪಂದನ ಕಾರ್ಯಕ್ರಮದಲ್ಲಿ ಯುವ ಪರಿವರ್ತಕರು ಅಂತ ತರಬೇತಿ ಪಡೆದ ಯುವಕ ಯುವತಿಯರಿದ್ದಾರೆ. ಕಾಯಿಲೆಯನ್ನು ಸ್ವತಃ ಉಂಡವರನ್ನೂ ಇಂಥ ಕೆಲಸಕ್ಕೆ ತಗೊಳ್ಳಿ, ಸಂಬಳ ಕೊಡಿ ಅಂತೀನಿ. ಪುಕ್ಕಟೆ ದುಡಿಸಿಕೊಂಡರೆ ಅವನ ಓದೂ ಹಾಳು.

ವಿರೋಧ: ನನ್ನ ಪಾಳಿ ಮುಗಿಯಲೇ ಇಲ್ಲ

ಬಟ್ಟೆ ಹಿಂಡಿಕೊಟ್ಟ ಆ ಗೆಳೆಯನ ಬಗ್ಗೆ ನನ್ನ ತಕರಾರಿಲ್ಲ. ಅಂಥವನು ಎಲ್ಲರಿಗೂ ಸಿಗಲಿ. ಆದರೆ ಅದನ್ನೇ ನೌಕರಿ ಮಾಡಿ, ತಿಂಗಳಿಗೆ ಎಷ್ಟು ಜನರ ಬಾಗಿಲು ಬಡಿದೆ ಅಂತ ರಿಜಿಸ್ಟರಿನಲ್ಲಿ ಬರೆಸಿದರೆ ಅವನು ಗೆಳೆಯನಾಗಿ ಉಳಿಯಲ್ಲ.

ನಾನು ಹುಬ್ಬಳ್ಳಿಯಲ್ಲಿ ಈ ಕೆಲಸ ಮಾಡಿದವಳು. ಸಂಸ್ಥೆಯ ಹೆಸರು ಬೇಡ. ಎರಡು ದಿನದ ತರಬೇತಿ, ಒಂದು ಟೀ ಶರ್ಟು, ಒಂದು ಸರ್ಟಿಫಿಕೇಟು. ಖಿನ್ನತೆಯಿಂದ ನಾನು ಎದ್ದು ಎಂಟು ತಿಂಗಳಾಗಿತ್ತು. ನಿದ್ದೆ ಮಾತ್ರ ಕೆಡಿಸಿಕೊಳ್ಳಬೇಡ ಅಂತ ಡಾಕ್ಟರು ಒತ್ತಿ ಹೇಳಿದ್ದರು. ಆದರೆ ಮೆಸೇಜು ಬರುತ್ತಿದ್ದದ್ದೇ ರಾತ್ರಿ ಒಂದೂವರೆಗೆ: 'ಅಕ್ಕಾ, ಎಚ್ಚರ ಅದೀಯೇನು?'

ಒಬ್ಬ ಹುಡುಗಿ ತನಗೆ ಬದುಕೋದೇ ಬೇಡ ಅನಿಸಿದೆ ಅಂತ ಬರೆದಳು. 'ಯಾರ ಮುಂದನೂ ಹೇಳಬ್ಯಾಡಕ್ಕಾ' ಅಂತ ಆಣೆ ಹಾಕಿಸಿಕೊಂಡಳು. ಮೂರು ದಿನ ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೆ. ಇಡಬಾರದಿತ್ತು. ಇಂಥದ್ದರಲ್ಲಿ ಗುಟ್ಟು ಕಾಯಬಾರದು, ತಕ್ಷಣ ದೊಡ್ಡವರಿಗೆ, ಡಾಕ್ಟರಿಗೆ ತಿಳಿಸಬೇಕು ಅಂತ ತರಬೇತಿಯಲ್ಲಿ ಒಂದು ಸ್ಲೈಡಿನಲ್ಲಿ ಹೇಳಿ ಮುಗಿಸಿದ್ದರು. ನಮ್ಮ ಮೇಲ್ವಿಚಾರಕರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕೊನೆಗೆ ಅವಳ ಅಣ್ಣನಿಗೆ ಹೇಳಿದೆ. ಹುಡುಗಿ ಈಗ ಆರಾಮ ಇದ್ದಾಳೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 2022ರಲ್ಲಿ ಶುರುವಾದದ್ದು. 14416ಕ್ಕೆ ಹಗಲು ರಾತ್ರಿ ಯಾವಾಗ ಮಾಡಿದರೂ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಅಲ್ಲಿ ಒಬ್ಬರ ಪಾಳಿ ಮುಗಿದರೆ ಇನ್ನೊಬ್ಬರು ಕೂರುತ್ತಾರೆ. ನನ್ನ ಜಾಗಕ್ಕೆ ಯಾರು ಬರಬೇಕಿತ್ತು?

ಗುಳಿಗೆ ವಿಷಯಕ್ಕೂ ಹೆದರಿಕೆ ಆಗುತ್ತದೆ. ನಮ್ಮ ಗುಂಪಿನ ಒಬ್ಬ 'ನಾ ಬಿಟ್ಟೀನಿ, ಏನೂ ಆಗಿಲ್ಲ' ಅಂತ ಎಲ್ಲರಿಗೂ ಹೇಳುತ್ತಿದ್ದ. ಡಾಕ್ಟರ ಮಾತಿಗಿಂತ ಅವನ ಮಾತಿಗೇ ಬೆಲೆ ಜಾಸ್ತಿ. 'ನಂದೂ ಹಿಂಗ ಆಗಿತ್ತು' ಅನ್ನೋ ಮಾತಿನ ಬಲ ಎರಡೂ ಕಡೆ ಎಳೆಯುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕು ಅಂದಿದೆ. ಮೊದಲು ಸಪ್ತಾಪುರದಲ್ಲಿ ಸಂಜೆ ಹೊತ್ತು ಕಲಿತ ಆಪ್ತಸಮಾಲೋಚಕರನ್ನು ಕೂರಿಸಿ. ಆಮೇಲೆ ಬೇಕಾದರೆ ಅವರ ಕೈಕೆಳಗೆ ನಮ್ಮಂಥವರು, ಗಂಟೆ ಗೊತ್ತುಮಾಡಿ.

ಕೆಲಸ ಬಿಟ್ಟು ಒಂದು ವರ್ಷವಾಯಿತು. ರಾತ್ರಿ ಫೋನ್ ಗುಂಯ್ ಅಂದರೆ ಈಗಲೂ ಎದ್ದು ಕೂರುತ್ತೇನೆ. ನೋಡಿದರೆ ರೀಚಾರ್ಜ್ ಮೆಸೇಜು.