ಸ್ವಾಮಿಯಷ್ಟೇ ಅಲ್ಲ, ತಾನಪ್ಪನೂ ಇದ್ದಾನೆ

ಆರ್.ಕೆ. ನಾರಾಯಣರ ಕತೆಗಳನ್ನಿಟ್ಟುಕೊಂಡು ಶಂಕರ್‌ನಾಗ್ ಮಾಡಿದ ಟೀವಿ ಧಾರಾವಾಹಿ ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿ ಎಂಬ ಹುಡುಗನ ಕಂತುಗಳನ್ನು ಬಿಟ್ಟರೆ ಉಳಿದದ್ದೆಲ್ಲ ಭರ್ತಿಗೆ ಅಂತ ಬರೆದಿದ್ದೀರಲ್ಲ, ಅದನ್ನು ಒಪ್ಪಲಾರೆ. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್ ಮುದ್ದು ಹುಡುಗ, ಅವನ ಅಪ್ಪನಾಗಿ ಗಿರೀಶ ಕಾರ್ನಾಡರ ಗತ್ತೂ ಸರಿ. ಆದರೆ ಅಂಚೆಯವನ ಕಂತು ಮರೆತಿರಾ?

ನಾವು ಆಗ ಮುಂಬಯಿ ಬಳಿಯ ಡೊಂಬಿವಿಲಿಯ ಚಾಳಿನಲ್ಲಿದ್ದೆವು. ಅಪ್ಪ ಮಾಟುಂಗಾದ ಹೋಟೆಲಿನಲ್ಲಿ ಗಲ್ಲಾದ ಮೇಲೆ. ಊರಿಂದ ತಂತಿ (ಟೆಲಿಗ್ರಾಂ) ಬಂತೆಂದರೆ ಒಡೆಯುವ ಮೊದಲೇ ಅಮ್ಮನ ಕಣ್ಣಲ್ಲಿ ನೀರು. ಅಂಥ ಮನೆಯಲ್ಲಿ ಕೂತು ನೋಡಿದ ಕತೆ ಅದು: ಮದುವೆ ನಿಲ್ಲಬಾರದೆಂದು ಸಾವಿನ ತಂತಿಯನ್ನೇ ಬಚ್ಚಿಟ್ಟು, ಮದುವೆ ಮುಗಿದ ಮೇಲೆ ತಾನೇ ತಂದುಕೊಟ್ಟು ತಪ್ಪೊಪ್ಪಿಕೊಳ್ಳುವ ತಾನಪ್ಪ. ಅವನನ್ನು ಒಳ್ಳೆಯವನೆಂದೂ ಕೆಟ್ಟವನೆಂದೂ ಶಂಕರ್‌ನಾಗ್ ಹೇಳಲಿಲ್ಲ. ಪಕ್ಕದ ಖೋಲಿಯ ಮರಾಠಿ ಕಾಕು ‘ಬರೋಬರ್ ಕೇಲಂ’ (ಸರಿಯಾಗೇ ಮಾಡಿದ) ಅಂದರು. ಅಪ್ಪ ಮಾತ್ರ ಮಾತೇ ಆಡದೆ ಎದ್ದು ಹೋದರು. ಅಜ್ಜ ತೀರಿದಾಗ ಅವರಿಗೆ ಸುದ್ದಿ ತಲುಪಿದ್ದು ತಡವಾಗಿ, ಮುಖ ನೋಡಲೂ ಸಿಕ್ಕಿರಲಿಲ್ಲ. ಇದನ್ನು ಭರ್ತಿ ಅನ್ನುವುದೇ?

ಇನ್ನೊಂದು. ‘ಹಿಂದಿಯಲ್ಲಿ ಮಾಡಿದ್ದರಿಂದ ಕನ್ನಡತನ ಹೋಯಿತು’ ಎಂಬ ಮಾತು ಬೆಂಗಳೂರಲ್ಲಿ ಕೂತವರಿಗೆ ಸುಲಭ. 1980ರ ದಶಕದಲ್ಲಿ ಮುಂಬಯಿಯ ನಮ್ಮ ಟೀವಿಯಲ್ಲಿ, ಧಾರಾವಾಹಿಯ ಚಿತ್ರೀಕರಣ ನಡೆದ ಆಗುಂಬೆ ಕಂಡದ್ದು ಅದು ಹಿಂದಿಯಲ್ಲಿ ಇತ್ತು ಅನ್ನುವ ಕಾರಣಕ್ಕೇ. ಆ ಜಗುಲಿ, ಆ ಹೆಂಚಿನ ಮಾಡು ನೋಡಿ ಅಮ್ಮ ‘ನಮ್ಮ ಕಡೇದೇ’ ಅಂತ ಚಾಳಿಗೆಲ್ಲ ಸಾರಿ ಬಂದಿದ್ದಳು.