ಮಾರುವವರು ಯಾರನ್ನು ಕೇಳಬೇಕು?

ಜರ್ಮನಿಯ ಹ್ಯಾಂಬರ್ಗ್‌ಗೆ ಬಂದ ಹೊಸದರಲ್ಲಿ ನನಗೆ ಸೋಜಿಗವೆನಿಸಿದ್ದು, ಇಲ್ಲಿನ ಅನೇಕ ಅಂಗಡಿಗಳು ಮೊದಲು ಸಾಮಾನು ಕಳಿಸಿ, ಜೊತೆಗೆ ಬಿಲ್ಲು ಇಟ್ಟು, ಹಣವನ್ನು ಆಮೇಲೆ ಕಟ್ಟಿಸಿಕೊಳ್ಳುವ ಪದ್ಧತಿ. ಮುಖ ನೋಡದ ಗಿರಾಕಿಯ ಮೇಲೆ ಇಷ್ಟು ನಂಬಿಕೆ ಹೇಗೆ ಎಂದುಕೊಂಡಿದ್ದೆ. ಅವರು ನಂಬಿರುವುದು ಗಿರಾಕಿಯನ್ನಲ್ಲ, ಅವನ ಬೆನ್ನಿಗಿರುವ ವ್ಯವಸ್ಥೆಯನ್ನು ಎಂಬುದು ನಿಧಾನವಾಗಿ ತಿಳಿಯಿತು. ಬಾಕಿ ಉಳಿಸಿಕೊಂಡರೆ ನ್ಯಾಯಾಲಯದ ಮೂಲಕ ವಸೂಲಿಗೆ ಸರಳ ದಾರಿಯಿದೆ, ಸಾಲಗಾರರ ನಡತೆಯನ್ನು ದಾಖಲಿಸುವ ಶೂಫಾ ಸಂಸ್ಥೆ 1927ರಿಂದಲೂ ಇದೆ, ಆನ್‌ಲೈನ್‌ನಲ್ಲಿ ಕೊಂಡದ್ದನ್ನು 14 ದಿನದೊಳಗೆ ಹಿಂದಿರುಗಿಸುವ ಹಕ್ಕನ್ನು ಕಾನೂನೇ ಕೊಟ್ಟಿದೆ.

ಸಕಲೇಶಪುರದ ನಮ್ಮ ಮನೆಯಲ್ಲಿ ಅತ್ತಿಗೆ ತೋಟದ ಕಾಫಿಬೀಜವನ್ನು ಹುರಿದು, ಪುಡಿ ಮಾಡಿಸಿ ಮಾರುತ್ತಾರೆ. ಊರಿನವರು ಬೀಜ ಕಣ್ಣಾರೆ ನೋಡಿ, ಎದುರಿಗೇ ಪುಡಿ ಮಾಡಿಸಿಕೊಂಡು ಹೋಗುತ್ತಾರಾದ್ದರಿಂದ ಅಲ್ಲಿ ತಕರಾರಿಲ್ಲ. ಆದರೆ ಮಿಶ್ರಣದ ಪುಡಿಯಲ್ಲಿ ಶೇ. 49ರವರೆಗೆ ಚಿಕೋರಿ ಇರಲು ನಿಯಮವೇ ಅವಕಾಶ ಕೊಟ್ಟಿರುವಾಗ, ಪುಣೆಯಲ್ಲಿ ಕುಳಿತು ಪೊಟ್ಟಣ ಕೊಳ್ಳುವವರು ಚೀಟಿಯ ಮೇಲಿನ ಮಾತನ್ನು ಯಾರ ಭರವಸೆಯ ಮೇಲೆ ನಂಬಬೇಕು? ಆ ಭರವಸೆಯನ್ನು ಇಂದು ವಿದೇಶಿ ಬಂಡವಾಳದ ಮಾರುಕಟ್ಟೆ ತಾಣಗಳು ಕೊಡುತ್ತಿವೆ. ಅಮೆಜಾನ್ 2013ರಲ್ಲಿ ಭಾರತದಲ್ಲಿ ವ್ಯಾಪಾರ ತೆರೆಯಿತು; 2018ರಲ್ಲಿ ಫ್ಲಿಪ್‌ಕಾರ್ಟ್‌ನ ಶೇ. 77ರಷ್ಟು ಪಾಲು ವಾಲ್‌ಮಾರ್ಟ್ ಕೈ ಸೇರಿತು. ಇಂಥ ತಾಣವು ಕೊಂಡವರ ಹಣವನ್ನು ತನ್ನಲ್ಲಿರಿಸಿಕೊಂಡು ಮಾರಿದವರಿಗೆ ತಡವಾಗಿ ಕೊಡುತ್ತದೆ, ತಕರಾರು ಬಂದರೆ ತಾನೇ ತೀರ್ಪು ಹೇಳುತ್ತದೆ, ಹಳೆಯ ಗಿರಾಕಿಗಳ ಅಭಿಪ್ರಾಯವನ್ನು ಹೊಸಬರ ಮುಂದಿಡುತ್ತದೆ. ಬೆಳೆಯುತ್ತಿರುವ ಆರ್ಥಿಕತೆಗಳಲ್ಲಿ ನ್ಯಾಯಾಲಯದಂಥ ಸಾರ್ವಜನಿಕ ಸಂಸ್ಥೆಗಳು ಬಿಟ್ಟ ಜಾಗವನ್ನು ದೊಡ್ಡ ಉದ್ಯಮ ಸಮೂಹಗಳೇ ತುಂಬುತ್ತವೆ ಎಂದು ಹಾರ್ವರ್ಡ್‌ನ ವಿದ್ವಾಂಸರಾದ ತರುಣ್ ಖನ್ನಾ ಮತ್ತು ಕೃಷ್ಣ ಪಾಲೆಪು 1997ರಲ್ಲೇ ಬರೆದಿದ್ದರು. ಅತ್ತಿಗೆಯ ಪುಡಿ ಮಲೆನಾಡು ದಾಟಿ ಹೋದದ್ದು ಈ ಏರ್ಪಾಡಿನಿಂದಲೇ. ಅದನ್ನು ನಾನು ಉಪಕಾರವೆಂದೇ ನೆನೆಯುತ್ತೇನೆ.

ಆದರೆ ಕಳೆದ ಮಳೆಗಾಲದಲ್ಲಿ ಅಂಥದೊಂದು ತಾಣ ಅವರ ಖಾತೆಯನ್ನು ಒಂದು ಬೆಳಿಗ್ಗೆ ತಡೆಹಿಡಿಯಿತು. ಬರಬೇಕಿದ್ದ ಹಣವೂ ಅಲ್ಲೇ ನಿಂತಿತು. ಬರೆದ ಪ್ರತಿ ಪತ್ರಕ್ಕೂ ಒಂದೇ ಸಿದ್ಧ ಉತ್ತರ. "ಯಾರ ಹತ್ರ ಹೋಗಿ ಕೇಳ್ಬೇಕು ಅಂತಾದ್ರೂ ಹೇಳಪ್ಪ" ಎಂದು ಅತ್ತಿಗೆ ಫೋನಿನಲ್ಲಿ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಹಾಸನದ ಜಿಲ್ಲಾ ಗ್ರಾಹಕ ಆಯೋಗ ಇರುವುದು ಕೊಳ್ಳುವವರಿಗಾಗಿ. ಹದಿನೇಳು ದಿನಗಳ ಮೇಲೆ ಖಾತೆ ತಾನಾಗಿ ತೆರೆಯಿತು, ಕಾರಣ ಮಾತ್ರ ತಿಳಿಯಲಿಲ್ಲ. ಅಷ್ಟರಲ್ಲಿ ಡಬ್ಬಗಳಲ್ಲಿದ್ದ ಪುಡಿ ಘಮ ಕಳೆದುಕೊಂಡು, ಅರ್ಧ ಬೆಲೆಗೆ ಹೆದ್ದಾರಿಯ ಹೋಟೆಲಿನ ಪಾಲಾಗಿತ್ತು.

ಇದೇ ಬಗೆಯ ತಾಣಗಳು ಯುರೋಪಿನಲ್ಲಿ ಹೀಗೆ ನಡೆದುಕೊಳ್ಳಲಾರವು. ಜುಲೈ 2020ರಿಂದ ಜಾರಿಯಲ್ಲಿರುವ ಯುರೋಪ್ ಒಕ್ಕೂಟದ ಕಾನೂನಿನ ಪ್ರಕಾರ, ಮಾರುವವರನ್ನು ತಡೆಹಿಡಿಯುವ ತಾಣ ಅದಕ್ಕೆ ಲಿಖಿತ ಕಾರಣ ಕೊಡಬೇಕು, ಪೂರ್ತಿ ಹೊರಹಾಕುವುದಾದರೆ ಸಾಮಾನ್ಯವಾಗಿ 30 ದಿನ ಮೊದಲೇ ತಿಳಿಸಬೇಕು. ಇಲ್ಲಿ ಕಾನೂನಿಗೆ ಉತ್ತರ ಹೇಳುವ ಉದ್ಯಮವೇ ನಮ್ಮಲ್ಲಿ ಕಾನೂನಿನ ಜಾಗದಲ್ಲಿ ಕುಳಿತಿದೆ. ನಮ್ಮ 2020ರ ಇ-ವಾಣಿಜ್ಯ ನಿಯಮಗಳು ಗ್ರಾಹಕರ ದೂರನ್ನು 48 ಗಂಟೆಯಲ್ಲಿ ಸ್ವೀಕರಿಸಿ ಒಂದು ತಿಂಗಳಲ್ಲಿ ಬಗೆಹರಿಸಬೇಕೆಂದು ಹೇಳುತ್ತವೆ. ಪುಡಿ, ಮೆಣಸು, ಜೇನು ಮಾರುವ ನಮ್ಮ ಹೆಣ್ಣುಮಕ್ಕಳ ದೂರಿಗೂ ಅಷ್ಟೇ ಗಡುವನ್ನು ಅದೇ ನಿಯಮಗಳಲ್ಲಿ ಬರೆಯಬೇಕು, ಆ ದೂರನ್ನು ಕನ್ನಡದಲ್ಲಿ ಕೊಡಲು ಹಾಸನದಲ್ಲೇ ಒಂದು ಮೇಜು ಇರಬೇಕು.